ವಿಲಾಯತಿಯ ಹಿತ್ತಲಲ್ಲಿ ಎಳ್ಳ ಅಮಾಸಿ

ನಮ್ಮ ಜೋರಾಪುರ ಪೇಟೆಯ ಹೆಂಗಸರು ನನ್ನನ್ನು ಕೇಳುವುದು ಎರಡೇ ಮಾತು. ವಿಲಾಯತಿಯಲ್ಲಿ ರಾಜನನ್ನು ನೋಡಿದೆಯಾ? ಅಲ್ಲಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಾರಾ? ರಾಜನನ್ನು ನೋಡಲಿಲ್ಲ. ಸೆರಗಿಲ್ಲ, ಟೊಪ್ಪಿಗೆ ಇದೆ. ನಾನು ನೋಡಿದ್ದು ಒಂದು ಓಣಿ, ಒಂದು ಶಾಲೆ, ಒಬ್ಬಳು ಮುದುಕಿ. ಅಷ್ಟನ್ನೇ ಬರೆಯುತ್ತೇನೆ. ಉಳಿದದ್ದು ಬೇಕಾದವರು ಬೇರೆಯವರ ಪುಸ್ತಕ ಓದಲಿ.

ನಾನು ಕಲಿತದ್ದು ಬಬಲೇಶ್ವರದ ಗುಡಿಯ ಕಟ್ಟೆಯ ಮೇಲೆ, ಮೂರನೆಯ ಇಯತ್ತೆಯವರೆಗೆ. ಒತ್ತಕ್ಷರ ತಪ್ಪಿದ ಕಡೆ ನನ್ನ ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ತಿಕೋಟಾದಿಂದ ವಿಜಾಪುರ

ಹುಟ್ಟಿದ್ದು ಬಬಲೇಶ್ವರ, ಕೊಟ್ಟದ್ದು ತಿಕೋಟಾಕ್ಕೆ. ಹೊಲ ಎರಡೂ ಊರುಗಳ ನಡುವಿನ ದಾರಿಗೆ. ಹಿರಿಯ ಮಗ ಮಲ್ಲಪ್ಪ ವಿಜಾಪುರದಲ್ಲಿ ಕಾಳಿನ ಅಂಗಡಿ ಇಟ್ಟ ಮೇಲೆ ಜೋರಾಪುರ ಪೇಟೆಯಲ್ಲಿ ಮನೆಯಾಯಿತು. ಮಗಳು ನೀಲವ್ವನಿಗೆ ಚಿಕ್ಕಂದಿನಲ್ಲೇ ಲಗ್ನ ಮಾಡಿದ್ದೆವು, ಚಿಕ್ಕಂದಿನಲ್ಲೇ ಗಂಡ ತೀರಿದ. ಮೂಲೆಯಲ್ಲಿ ಕೂತು ಅತ್ತರೆ ಯಾರ ಜೋಳವೂ ಹಿಟ್ಟಾಗುವುದಿಲ್ಲ ಎಂದು ನಾನೇ ಅವಳನ್ನು ಶಾಲೆಗೆ ದಬ್ಬಿದೆ. ಟ್ರೇನಿಂಗು ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದಳು. ಅವಳ ಕೈಯಲ್ಲಿ ಕಲಿತ ಹುಡುಗಿಯರು ತಮ್ಮ ಹುಡುಗಿಯರನ್ನು ಅವಳ ಹತ್ತಿರವೇ ತಂದು ಬಿಡುವಷ್ಟು ವರ್ಷ ಕಲಿಸಿದಳು.

ಸ್ವಾತಂತ್ರ್ಯ ಬಂದ ಮರುವರ್ಷ ಅವಳಿಗೆ ವಿಲಾಯತಿಯ ಒಂದು ಸಮಿತಿಯ ಗ್ರ್ಯಾಂಟು ಸಿಕ್ಕಿತು. ಅದು ಹೊಸಬರಿಗೆ ಸಿಗುವಂಥದ್ದಲ್ಲ, ಕೈ ಪಳಗಿದ ಶಿಕ್ಷಕರಿಗೆ. ಇಲ್ಲಿಯ ಅಕ್ಕೋರು ಅಲ್ಲಿಗೆ, ಅಲ್ಲಿಯ ಅಕ್ಕೋರು ಇಲ್ಲಿಗೆ. ಇವರ ತರಗತಿ ಅವರಿಗೆ, ಅವರ ತರಗತಿ ಇವರಿಗೆ. ಮನೆಯೂ ಹಾಗೇ ಅದಲು ಬದಲು. ಒಂದು ವರ್ಷ ಅಲ್ಲಿದ್ದು, ಕಲಿಸುತ್ತಲೇ, ತಾನು ಆರಿಸಿಕೊಂಡ ಒಂದು ವಿಷಯವನ್ನು ಹುಡುಕಿ ನೋಡಿ ಬರೆದುಕೊಡಬೇಕು. ನೀಲವ್ವನ ವಿಷಯ ಇದು: ಮನೆಯಲ್ಲಿ ಯಾರೂ ಅಕ್ಷರ ಕಾಣದ ಮಕ್ಕಳಿಗೆ ಮೊದಲ ಅಕ್ಷರವನ್ನು ಬಡಿಯದೆ ಕಲಿಸುವುದು ಹೇಗೆ.

ಮಲ್ಲಪ್ಪ ತಲೆ ಕೊಡವಿದ. “ಹೆಣ್ಣಮಗಳನ್ನ ಒಬ್ಬಾಕಿನ ಹೆಂಗ ಕಳಸೂದು? ಮಂದಿ ಏನಂದಾರು?”

“ಮಂದಿ ಅಂದದ್ದನ್ನೆಲ್ಲಾ ಕೇಳಿದ್ರ ನಿನ್ನ ತಂಗಿ ಇನ್ನೂ ಮೂಲ್ಯಾಗ ಕುಂತಿರ್ತಿದ್ಲು,” ಎಂದೆ.

“ಹಂಗಾದ್ರ ಜೋಡಿಗೆ ನೀನ ಹೋಗ ಬೇ ಯವ್ವಾ.”

“ಹೋಗ್ತೀನಿ. ನನಗೇನ್ ಹೆದರಿಕಿ?”

ಅವನು ಚೇಷ್ಟೆಗೆ ಅಂದಿದ್ದ. ನಾನು ಖರೇ ಮಾಡಿಬಿಟ್ಟೆ.

ಸಮಿತಿಯವರು ತಾಯಿಯನ್ನು ಕರೆತರಲು ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಿದ ಮೇಲೆ ಎರಡು ಕರಾರು ಹಾಕಿದರು. ಅರ್ಧ ವರ್ಷಕ್ಕೆ ಅವರ ಕಡೆಯ ಒಬ್ಬ ಹೆಣ್ಣುಮಗಳು, ನಮ್ಮ ಮಾತಿನಲ್ಲಿ ಬಾಯಿ, ಬಂದು ಕೆಲಸ ನೋಡುತ್ತಾಳೆ, ಒಪ್ಪಿದರೆ ಮಾತ್ರ ಉಳಿದ ಅರ್ಧ ವರ್ಷ. ಇನ್ನೊಂದು, ಇಳಿದುಕೊಂಡ ಮನೆಯಿಂದಾಗಲಿ ಓಣಿಯಿಂದಾಗಲಿ ಒಂದು ತಕರಾರು ಬಂದರೂ ತಾಯಿ ಮಗಳು ಇಬ್ಬರೂ ಮುಂದಿನ ಹಡಗಿಗೆ ವಾಪಸ್ಸು. ಇದನ್ನು ನೀಲವ್ವ ಮುಂಬಯಿಯಲ್ಲಿ ಹಡಗು ಹತ್ತುವ ಮೊದಲೇ ನನಗೆ ಬಿಡಿಸಿ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಹಡಗು

ಹಡಗಿನಲ್ಲಿ ವಾಂತಿ ಬಿಟ್ಟರೆ ಬರೆಯುವಂಥದ್ದು ಒಂದೇ ನಡೆಯಿತು. ನಾನು ಮನೆಯಿಂದ ಕಡಕ್ ರೊಟ್ಟಿಯ ಒಟ್ಟಿಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದೆ. ಒಂದು ದಿನ ನಮ್ಮ ಕೋಣೆಗೆ ಚಹಾ ತರುವವನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಂಟಿನಿಂದ ಒಂದು ರೊಟ್ಟಿ ಎಳೆದು, ಮೇಜು ಸುಡದಿರಲಿ ಎಂದು ಕಿಟ್ಲಿಯ ಕೆಳಗೆ ಹಾಸಿದ. ಬೆತ್ತದ ತಟ್ಟೆಯೋ ಏನೋ ಎಂದು ತಿಳಿದಿರಬೇಕು. ನೀಲವ್ವನಿಗೆ ನಗು ತಡೆಯಲಿಲ್ಲ. ನನಗೆ ಮೈ ಉರಿಯಿತು. ಕಿಟ್ಲಿ ಎತ್ತಿ ಪಕ್ಕಕ್ಕಿಟ್ಟು, ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಅವನೆದುರಿಗೇ ಕಟಕಟ ತಿಂದೆ. ಅವನ ಮುಖ ಕೆಂಪಾಯಿತು. ಅನ್ನದ ಮೇಲೆ ಬಿಸಿ ಕಿಟ್ಲಿ ಇಟ್ಟದ್ದು ತಿಳಿದು ಎಷ್ಟೋ ಸಲ ಸಾರಿ ಎಂದ. ಅನ್ನದ ಬೆಲೆ ಗೊತ್ತಿಲ್ಲದ ಮಂದಿ ಇವರು ಎಂದು ನಾನು ಅವತ್ತೇ ತೀರ್ಮಾನ ಕೊಟ್ಟುಬಿಟ್ಟೆ.

ಉಣ್ಣೆ ಗಿರಣಿಯ ಊರು

ನಮ್ಮ ಪಾಲಿಗೆ ಬಂದದ್ದು ಉತ್ತರದ ಒಂದು ಊರು. ಉಣ್ಣೆಯ ಗಿರಣಿಗಳು, ಹೊಗೆ ಕೂತು ಕಪ್ಪಾದ ಕಲ್ಲಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡು ಓಣಿಯುದ್ದಕ್ಕೂ ಒಂದೇ ಅಚ್ಚು. ಮೊದಲ ವಾರ ನಾನು ತಪ್ಪಿ ಪಕ್ಕದ ಮನೆಗೆ ನುಗ್ಗಿದೆ. ಒಳಗೆ ಒಬ್ಬ ಮುದುಕ ಬೋಗುಣಿಯ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಬೈಯಲಿಲ್ಲ, ಕೂಗಲಿಲ್ಲ. ಎದ್ದು, ಒದ್ದೆ ಕಾಲಲ್ಲೇ ಬಾಗಿಲವರೆಗೆ ಬಂದು, ನಮ್ಮ ಮನೆಯನ್ನು ಬೆರಳಿನಿಂದ ತೋರಿಸಿ, ಥ್ಯಾಂಕ್ಯು ಎಂದ. ಅವನೇ ಡಾಸನ್. ಗಿರಣಿಯಲ್ಲಿ ದುಡಿದು ದಣಿದು ಈಗ ಎಲೆಕೋಸು ಬೆಳೆಯುವವನು. ಅವನ ಮನೆಗೆ ನುಗ್ಗಿದ್ದಕ್ಕೆ ಅವನೇ ಯಾಕೆ ನನಗೆ ಥ್ಯಾಂಕ್ಯು ಹೇಳಿದ ಎಂಬುದು ಇವತ್ತಿಗೂ ತಿಳಿದಿಲ್ಲ.

ನಮಗೆ ಮನೆ ಕೊಟ್ಟವಳು ಎಲ್ಸಿ ಎಂಬ ಅಕ್ಕೋರು. ಅವಳು ಆಗಲೇ ವಿಜಾಪುರಕ್ಕೆ ಹೋಗಿ ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಇಳಿದಿದ್ದಳು. ಇಲ್ಲಿ ಮನೆಯಲ್ಲಿದ್ದವಳು ಅವಳ ತಾಯಿ, ಮಿಸೆಸ್ ಬ್ರಾಡ್ಲಿ. ನಾನು ಅವಳನ್ನು ಬ್ರಾಡ್ಲಿಬಾಯಿ ಎನ್ನುತ್ತಿದ್ದೆ. ನನಗಿಂತ ಎರಡು ಮಳೆಗಾಲ ಹೆಚ್ಚು ಕಂಡವಳಿರಬೇಕು. ಬೆಳಗ್ಗೆ ನೀಲವ್ವ ಶಾಲೆಗೆ ಹೋದ ಮೇಲೆ ನಾವಿಬ್ಬರೇ. ಅವಳಿಗೆ ಕನ್ನಡವಿಲ್ಲ, ನನಗೆ ಇಂಗ್ಲೀಷಿಲ್ಲ. ಕೈಸನ್ನೆಯಲ್ಲೇ ಸಂಸಾರ. ಅಲ್ಲಿಯವರ ಮಾತನ್ನು ನಾನು ಇಲ್ಲಿ ಬರೆದಲ್ಲೆಲ್ಲ ಅದು ನೀಲವ್ವ ನನಗೆ ತಿರುಗಿಸಿ ಹೇಳಿದ್ದು.

ಆ ಮಂದಿ ಏನೂ ಕೇಳುವುದಿಲ್ಲ. ನಮ್ಮಲ್ಲಿ ಮೋಟಾರಿನಲ್ಲಿ ಪಕ್ಕಕ್ಕೆ ಕೂತವಳು ತಿಕೋಟಾ ಬರುವಷ್ಟರಲ್ಲಿ ನಿನಗೆ ಮಕ್ಕಳೆಷ್ಟು, ಸೊಸೆ ಹೆಂಥವಳು, ಮೊಳಕಾಲು ನೋವಿಗೆ ಏನು ಹಚ್ಚುತ್ತೀ ಎಂದೆಲ್ಲ ತಿಳಿದುಕೊಂಡು, ಬುದ್ಧಿಯನ್ನೂ ಹೇಳಿ ಇಳಿಯುತ್ತಾಳೆ. ಇಲ್ಲಿ ಮಳೆಯ ಸುದ್ದಿ ಒಂದೇ. ಅದೂ ಬೀಳುತ್ತಿರುವ ಮಳೆಯಲ್ಲೇ ನಿಂತು, ಮಳೆ ಬರುತ್ತಿದೆ ಎನ್ನುತ್ತಾರೆ. ಸಂತೋಷವಾದರೂ ಥ್ಯಾಂಕ್ಯು, ಸಿಟ್ಟು ಬಂದರೂ ಥ್ಯಾಂಕ್ಯು. ಯಾವುದು ಯಾವುದೆಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಯುದ್ಧ ಮುಗಿದಿದ್ದರೂ ಸಕ್ಕರೆ, ಬೆಣ್ಣೆ, ಚಹಾ ಎಲ್ಲವೂ ಕಾರ್ಡಿನ ಮೇಲೆ. ಕಾರ್ಡು ನಮಗೆ ಹೊಸದಲ್ಲ, ವಿಜಾಪುರದಲ್ಲೂ ಜೋಳಕ್ಕೆ ಇತ್ತು. ಆದರೆ ನಮ್ಮಲ್ಲಿ ಕಾರ್ಡು ಹೊಲ ಇಲ್ಲದವರಿಗೆ. ಇದ್ದವರ ಮನೆಯ ಹಗೆವಿನಲ್ಲಿ ಕಾಳು ಇದ್ದೇ ಇರುತ್ತಿತ್ತು. ಇಲ್ಲಿ ಗಿರಣಿಯ ಮಾಲಕನಿಗೂ ಕೂಲಿಯವನಿಗೂ ಒಂದೇ ಅಳತೆಯ ಸಕ್ಕರೆ ಎಂದು ನೀಲವ್ವ ಹೇಳಿದಾಗ ನಾನು ನಂಬಲಿಲ್ಲ. ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಬಟ್ಟೆ ಮುಚ್ಚಿದ ದೊಡ್ಡ ಗಾಜಿನ ಬರಣಿ ತುಂಬ ಸಕ್ಕರೆ ಇದ್ದುದನ್ನು ಕಂಡಿದ್ದೆ. ಯಾವ ದೇಶವಾದರೇನು, ಇದ್ದವರ ಮನೆ ಎಲ್ಲ ಕಡೆ ಒಂದೇ ಎಂದುಕೊಂಡಿದ್ದೆ.

ನೀಲವ್ವನ ತರಗತಿ

ಒಂದು ದಿನ ನನ್ನನ್ನೂ ಶಾಲೆಗೆ ಕರೆದೊಯ್ದಳು. ಹಿಂದಿನ ಸಣ್ಣ ಕುರ್ಚಿಯ ಮೇಲೆ ಕೂರಿಸಿದಳು. ಕೂತದ್ದೇನೋ ಕೂತೆ, ಏಳುವಾಗ ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಮಕ್ಕಳು ನಗಲಿಲ್ಲ. ಇಬ್ಬರು ಬಂದು ಸುಮ್ಮನೆ ಕುರ್ಚಿಯ ಕಾಲು ಹಿಡಿದು ಎಳೆದು ನನ್ನನ್ನು ಬಿಡಿಸಿದರು.

ಅಲ್ಲಿ ಸಣ್ಣ ಮಕ್ಕಳಿಗೆ ಅಕ್ಷರದ ಮೊದಲು ಮಾತು. ಮನೆಯಲ್ಲಿ ನಡೆದದ್ದನ್ನು ಮಗು ಹೇಳಬೇಕು, ಅಕ್ಕೋರು ಅದನ್ನು ದೊಡ್ಡದಾಗಿ ಹಲಗೆಯ ಮೇಲೆ ಬರೆಯಬೇಕು, ಮಗು ತನ್ನ ಮಾತನ್ನೇ ನೋಡಿ ಗುರುತು ಹಿಡಿಯಬೇಕು. ಕೆಲವರು ಉಸುಕಿನ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು.

“ಇದನ್ನ ನೋಡಾಕ ಸಮುದ್ರ ದಾಟಬೇಕಿತ್ತೇನು?” ಎಂದೆ ಹೊರಗೆ ಬಂದ ಮೇಲೆ. “ನಮ್ಮ ಗುಡಿ ಕಟ್ಟಿ ಮ್ಯಾಲೂ ಉಸುಕಿನ್ಯಾಗ ತಿದ್ದಿಸತಿದ್ರು.”

“ತಿದ್ದಿಸತಿದ್ರು. ತಪ್ಪಿದ್ರ ಏನ್ ಮಾಡ್ತಿದ್ರು?”

“ಬಡೀತಿದ್ರು.”

“ನೀ ಮೂರನೇತ್ತಕ್ಕ ಸಾಲಿ ಯಾಕ ಬಿಟ್ಟಿ?”

ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನನ್ನ ಎಡಗೈ ಬೆರಳಿನ ಗಂಟು ಇವತ್ತಿಗೂ ಸೊಟ್ಟಗಿದೆ. ಅವಳು ಏನನ್ನು ಹುಡುಕಲು ಬಂದಿದ್ದಾಳೆಂದು ನನಗೆ ಅವತ್ತು ತಿಳಿಯಿತು. ಇಷ್ಟು ಮಕ್ಕಳ ಮುಂದೆ ಅವಳು ಕೋಲಿಲ್ಲದೆ ನಿಂತದ್ದನ್ನು ಕಂಡು, ಇವಳು ಇದನ್ನು ಮುಗಿಸಿಯೇ ಊರಿಗೆ ಹೋಗಬೇಕು ಎಂದುಕೊಂಡೆ.

ಎಳ್ಳ ಅಮಾಸಿ

ಕ್ರಿಸ್ಮಸ್ ಮುಗಿದು ಶಾಲೆಗೆ ರಜೆ ಇತ್ತು. ಗ್ರ್ಯಾಂಟು ಪಡೆದು ಬೇರೆ ಬೇರೆ ದೇಶದಿಂದ ಬಂದ ಶಿಕ್ಷಕರನ್ನೆಲ್ಲ ಸಮಿತಿಯವರು ಲಂಡನ್ನಿಗೆ ಕರೆಸಿದ್ದರು. ನೀಲವ್ವ ಹೋದಳು. ಅವಳು ಅಲ್ಲಿರುವಾಗಲೇ ಎಳ್ಳ ಅಮಾಸಿ ಬಂತು. ಪಂಚಾಂಗ ನನ್ನ ಟ್ರಂಕಿನಲ್ಲಿತ್ತು. ಅವತ್ತು ಬೆಳಗ್ಗೆ ಬ್ರಾಡ್ಲಿಬಾಯಿ ಟೊಪ್ಪಿಗೆ ಹಾಕಿಕೊಂಡು, ತಂಗಿಯ ಮನೆಗೆ ಹೋಗಿ ಕತ್ತಲಾಗುವ ಮೊದಲು ಬರುತ್ತೇನೆ ಎಂದು ಸನ್ನೆ ಮಾಡಿ ಹೋದಳು.

ಎಳ್ಳ ಅಮಾಸಿ ಎಂದರೆ ನಮ್ಮ ಕಡೆ ಹೊಲದ ಹಬ್ಬ. ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಬೇಕು. ಸಜ್ಜೆ ರೊಟ್ಟಿ, ಎಳ್ಳ ಹೋಳಿಗೆ, ಶೇಂಗಾ ಹೋಳಿಗೆ, ಕಡುಬು ಎಲ್ಲ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಪೂಜಿಸಿ, ನಾಲ್ಕೂ ದಿಕ್ಕಿಗೆ ಕೂಗುತ್ತಾ ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತೇವೆ. ಆಮೇಲೆ ಕರೆದವರು ಕರೆಯದವರು ಎಲ್ಲ ಕೂತು ಉಣ್ಣುತ್ತಾರೆ. ನಮ್ಮ ಅತ್ತೆಯ ಮನೆಯಲ್ಲಿ ಇನ್ನೊಂದು ಕಟ್ಟು ಇತ್ತು. ಹೊಲಕ್ಕೆ ಒಯ್ದ ಅಡಿಗೆಯನ್ನು ತಿರುಗಿ ಮನೆಗೆ ತರುವಂತಿಲ್ಲ. ಬರಗಾಲದ ವರ್ಷವೂ ನನ್ನ ಅತ್ತೆ ಅಂಬಲಿಯನ್ನಾದರೂ ಚೆಲ್ಲದೆ ಬಿಟ್ಟವಳಲ್ಲ.

ಎಳ್ಳು, ಶೇಂಗಾ ನನ್ನ ಹತ್ತಿರ ಇದ್ದವು. ಬೆಲ್ಲ ತೀರಿತ್ತು. ಬರಣಿ ಇಳಿಸಿದೆ. ಕೇಳಬೇಕು ಎಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಹಬ್ಬದ ದಿನ ಬೀಗತಿಯಾದವಳು ತಾನೇ ಡಬ್ಬಿ ತೆಗೆದು ಅಡಿಗೆಗೆ ಕೂತರೆ ಅದು ಆ ಮನೆಗೆ ಕೊಟ್ಟ ಮರ್ಯಾದೆ. ಕೇಳಿ ತೆಗೆದರೆ ಪರಕೀಯಳಾದ ಹಾಗೆ. ಇವಳ ಮಗಳು ನನ್ನ ಮನೆಯಲ್ಲಿ, ನನ್ನ ಮಗಳು ಇವಳ ಮನೆಯಲ್ಲಿ. ಇದಕ್ಕಿಂತ ಬೀಗತನ ಯಾವುದಿದೆ? ಓಣಿಯವರಿಗೆಲ್ಲ ಉಣಿಸಬೇಕೆಂದು ಬರಣಿಯ ಸಕ್ಕರೆಯನ್ನೆಲ್ಲ ಹೂರಣಕ್ಕೆ ಸುರಿದೆ.

ಹೋಳಿಗೆ ಚಲೋ ಬಂದವು. ಬುಟ್ಟಿಯಲ್ಲಿ ಇಟ್ಟುಕೊಂಡು ನಾಲ್ಕಾರು ಮನೆಯ ಬಾಗಿಲು ಬಡಿದು, ಕೈಯನ್ನು ಬಾಯಿಗೆ ಒಯ್ದು ತೋರಿಸಿ, “ಬರ್ರಿ, ಉಣ್ಣಾಕ ಬರ್ರಿ” ಎಂದು ಕರೆದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು, ಥ್ಯಾಂಕ್ಯು ಎಂದು ಬಾಗಿಲು ಹಾಕಿಕೊಂಡರು.

ಮನೆಗಳ ಹಿಂದೆ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ನೆಲ. ಬ್ರಾಡ್ಲಿಬಾಯಿಯ ಪಟ್ಟಿಯಲ್ಲಿ ಹಿಮ ಕೂತ ಎಲೆಕೋಸು. ಜೋಳವಿಲ್ಲದಿದ್ದರೇನು, ಮಣ್ಣು ಮಣ್ಣೇ. ಐದು ಕಲ್ಲು ತೊಳೆದು ವಿಭೂತಿ ಹಚ್ಚಿದೆ. ಸೆರಗು ಸೊಂಟಕ್ಕೆ ಕಟ್ಟಿ, “ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕುತ್ತಾ ಬದುವಿನ ಸುತ್ತ ನಡೆದೆ. ನನ್ನ ದನಿ ಸಣ್ಣದಲ್ಲ. ಓಣಿಯ ಹಿಂದಿನ ಕಿಟಕಿಗಳ ಪರದೆ ಒಂದೊಂದಾಗಿ ಅಲುಗಾಡಿದವು. ಒಬ್ಬರೂ ಬರಲಿಲ್ಲ. ಡಾಸನ್ ಒಬ್ಬನೇ ಬೇಲಿಯ ಹತ್ತಿರ ಬಂದ. ಅವನ ಕೈಗೆ ಒಂದು ಹೋಳಿಗೆ ಇಟ್ಟೆ. ಟೊಪ್ಪಿಗೆ ತೆಗೆದು, ಕಚ್ಚಿದ. ನಾಲಿಗೆಗೆ ಸಿಹಿ ತಾಗಿದ್ದೇ ಅವನ ಮುಖ ಬೇರೆಯಾಯಿತು. ಬುಟ್ಟಿಯನ್ನು ನೋಡಿದ, ಎಲೆಕೋಸಿನ ಮೇಲೆ ಬಿದ್ದ ಚೂರುಗಳನ್ನು ನೋಡಿದ, ಏನೋ ಅಂದ, ಒಳಗೆ ಹೋದ. ಎಳ್ಳು ಅವನಿಗೆ ಸೇರಲಿಲ್ಲವೇನೋ ಎಂದುಕೊಂಡೆ.

ಆಲಿಕಲ್ಲಿನಂಥ ಮಳೆ ಶುರುವಾಯಿತು. ಉಣ್ಣುವವರಿಲ್ಲ, ತಿರುಗಿ ಒಯ್ಯುವಂತಿಲ್ಲ. ಇದ್ದದ್ದನ್ನೆಲ್ಲ ಚೆಲ್ಲಿದೆ. ಎಲ್ಲಿಂದಲೋ ಕಾಗೆಗಳು ಇಳಿದವು. ಹಬ್ಬ ಮಾಡಿದ ಸಮಾಧಾನದಲ್ಲಿ ಒಳಗೆ ಬಂದು ಪಾತ್ರೆ ತೊಳೆದೆ. ಬರಣಿಯನ್ನೂ ತೊಳೆದು ಬೋರಲು ಹಾಕಿದೆ.

ಬ್ರಾಡ್ಲಿಬಾಯಿ ಬಂದವಳು ಕೋಟು ಕೂಡ ತೆಗೆಯದೆ ಆ ಬರಣಿಯ ಮುಂದೆ ನಿಂತಳು. ನಾನು ಉತ್ಸಾಹದಲ್ಲಿ ತಟ್ಟಿ ತೋರಿಸಿದೆ, ಬೇಯಿಸಿ ತೋರಿಸಿದೆ, ಹಿತ್ತಲಿಗೆ ಕೈ ಮಾಡಿ ಚೆಲ್ಲಿ ತೋರಿಸಿದೆ, ಕೈ ಮುಗಿದೆ. ಅವಳು ಎಲ್ಲವನ್ನೂ ನೋಡಿದಳು. “ಐ ಸೀ” ಎಂದಳು. ಕೋಟು ತೆಗೆದು ಗೂಟಕ್ಕೆ ಹಾಕಿ, ಚಹಾಕ್ಕೆ ನೀರಿಟ್ಟಳು. ನಮ್ಮ ಮನೆಯಲ್ಲಾಗಿದ್ದರೆ ಬೈಗುಳ ಓಣಿಯ ಕೊನೆಯವರೆಗೆ ಕೇಳುತ್ತಿತ್ತು, ದೀಪ ಹಚ್ಚುವುದರೊಳಗೆ ಮುಗಿದೂ ಹೋಗುತ್ತಿತ್ತು.

ನೀಲವ್ವ ತಿರುಗಿ ಬಂದ ದಿನ

ನೀಲವ್ವ ಲಂಡನ್ನಿನಿಂದ ಬಂದು, ಕೆಳಗೆ ಬ್ರಾಡ್ಲಿಬಾಯಿಯ ಜೊತೆ ಮಾತಾಡಿ, ಮೇಲೆ ನಮ್ಮ ಕೋಣೆಗೆ ಬಂದಳು. ಬಾಗಿಲು ಮುಂದೆ ಮಾಡಿ ಮುಚ್ಚಿದಳು.

“ಯವ್ವಾ, ಆ ಬರಣ್ಯಾಗಿನ ಸಕ್ರಿ ಏನ್ ಮಾಡಿದಿ?”

“ಹೋಳಗಿ ಮಾಡ್ದೆ. ಚರಗಾ ಚೆಲ್ಲಿದೆ. ಅಮಾಸಿ ನಿನಗ ನೆಪ್ಪಿರಲಿಲ್ಲ ಅಂದ್ರ ನನಗೂ ಇರಬಾರದೇನು?”

ಅವಳು ಮಂಚದ ಮೇಲೆ ಕೂತಳು. “ಅದು ಆಕಿದಲ್ಲ ಬೇ. ಓಣಿದು.”

ಆಮೇಲೆ ಹೇಳಿದಳು. ಗುರುವಾರ ಗುರುವಾರ ಹೆಂಗಸರು ಬಟ್ಟಲು ಹಿಡಿದು ಬಂದು ಹೋಗುವುದನ್ನು ನಾನು ಕಂಡಿದ್ದೆ. ಕಡ ಕೇಳಲು ಬರುತ್ತಾರೆ ಎಂದುಕೊಂಡಿದ್ದೆ. ಅವರು ಕೊಡಲು ಬರುತ್ತಿದ್ದರು. ಒಬ್ಬೊಬ್ಬ ತಾಯಿ ತನ್ನ ಚಹಾದ ಸಕ್ಕರೆಯಲ್ಲಿ ವಾರಕ್ಕೊಂದು ಚಮಚ ಉಳಿಸಿ ಆ ಬರಣಿಗೆ ಹಾಕುತ್ತಿದ್ದಳು. ಹೊಸ ವರ್ಷಕ್ಕೆ ಶಾಲೆ ತೆರೆದ ದಿನ ಸಣ್ಣ ಮಕ್ಕಳಿಗೆ ಚಹಾದ ಕೂಟ, ಆ ಸಕ್ಕರೆಯಲ್ಲಿ ಕೇಕು. ವರ್ಷದಲ್ಲಿ ಆ ಮಕ್ಕಳಿಗೆ ಅದೊಂದೇ ಕೇಕು. ಬಾಂಬು ಬೀಳುತ್ತಿದ್ದ ಕಾಲದಿಂದಲೂ ಬರಣಿ ಕಾಯುವವಳು ಬ್ರಾಡ್ಲಿಬಾಯಿ. ಆ ಮಕ್ಕಳು ನೀಲವ್ವನ ತರಗತಿಯ ಮಕ್ಕಳೇ. ಅದೇ ಕೂಟಕ್ಕೆ ಸಮಿತಿಯ ಬಾಯಿಯೂ ಬರುವವಳಿದ್ದಳು.

“ಮತ್ತ ಆಕಿ ನನಗ ಒಂದ ಮಾತರೆ ಯಾಕ ಅನಲಿಲ್ಲ?”

“ಇಲ್ಲಿಯವರು ಅನ್ನೂದಿಲ್ಲ.”

“ಅಂದಿದ್ರ ಛಲೋ ಇತ್ತು.”

ಬ್ರಾಡ್ಲಿಬಾಯಿ ಓಣಿಗೆ ಬೇರೆಯೇ ಹೇಳಿದ್ದಳು. ಬರಣಿಯನ್ನು ತಾನು ಕಿಟಕಿಯ ಹತ್ತಿರ ಇಟ್ಟು ಮರೆತೆ, ತಂಪಿಗೆ ಸಕ್ಕರೆ ನೀರೊಡೆದು ಕೆಟ್ಟಿತು, ತಪ್ಪು ತನ್ನದು ಎಂದು. ಸಮಿತಿಯ ಬಾಯಿ ಕೇಳಿದರೆ ನೀಲವ್ವನೂ ಹಾಗೇ ಹೇಳಬೇಕು ಎಂದು ಈಗ ಕೇಳಿಕೊಂಡಿದ್ದಳು.

ನಾನು ಎದ್ದೆ. “ನಾ ಹೋಗಿ ಹೇಳ್ತೀನಿ. ಮಾಡಿದಾಕಿ ನಾನು. ಆಕಿ ಯಾಕ ಹೊರಬೇಕು?”

“ಹೇಳಿದ್ರ ಮುಂದಿನ ಹಡಗ ನಮ್ದು.”

“ಹೋಗೂಣು. ಇಲ್ಲೇನ್ ನಮ್ಮ ಹೊಲ ಐತೇನು?”

“ನಾ ಬರ್ಯೂದು ಅರ್ಧಾಕ ನಿಂತೈತಿ. ಊರಾಗ ಹೋಗಿ ಏನ್ ಹೇಳ್ಲಿ? ಸಾಲಿ ನೋಡಾಕ ಹೋಗಿದ್ದೆ, ಹೋಳಗಿ ಸಲುವಾಗಿ ಹೊರಗ ಹಾಕಿದ್ರು ಅನ್ಲೇನು? ಇನ್ನ ಮ್ಯಾಲ ನಮ್ಮ ಕಡಿ ಅಕ್ಕೋರಿಗೆ ಯಾರು ಗ್ರ್ಯಾಂಟ ಕೊಡ್ತಾರ?”

ಕೂಗಲಿಲ್ಲ ಅವಳು. ಕೂಗಿದ್ದರೆ ನಾನೂ ಕೂಗುತ್ತಿದ್ದೆ.

ಶಾಲೆಯ ಚಹಾ

ಶಾಲೆಯಲ್ಲಿ ಉದ್ದುದ್ದ ಮೇಜು ಹಾಕಿ ಮಕ್ಕಳನ್ನು ಕೂರಿಸಿದ್ದರು. ಬ್ರೆಡ್ಡಿನ ಮೇಲೆ ಬಣ್ಣ ಕಾಣುವಷ್ಟೇ ಜಾಮು. ತಾಯಂದಿರು ಗೋಡೆಗುಂಟ ನಿಂತಿದ್ದರು. ಬ್ರಾಡ್ಲಿಬಾಯಿ ಬ್ರೆಡ್ಡು ಕೊಯ್ದು ಹಂಚುತ್ತಿದ್ದಳು, ಯಾರ ಮುಖವನ್ನೂ ನೋಡದೆ. ಸಮಿತಿಯ ಬಾಯಿ ಬೂದು ಬಣ್ಣದ ಕೋಟಿನವಳು, ನನ್ನ ಪಕ್ಕದಲ್ಲೇ ಕೂತಿದ್ದಳು. ಮಕ್ಕಳು ತಿನ್ನುತ್ತಾ ತಿನ್ನುತ್ತಾ ಒಳಬಾಗಿಲ ಕಡೆಗೆ ನೋಡುತ್ತಿದ್ದರು. ಒಂದು ಸಣ್ಣ ಹುಡುಗಿ ಏನೋ ಕೇಳಿತು. ತಾಯಿ ಬಾಯಿ ಮುಚ್ಚಿಸಿದಳು.

“ಏನಂತದು?” ಎಂದೆ.

“ಕೇಕ ಯಾವಾಗ ಬರತೈತಿ ಅಂತ,” ಎಂದಳು ನೀಲವ್ವ.

ನಾನು ಎದ್ದು ನಿಂತೆ. ನೀಲವ್ವ ನನ್ನ ಸೆರಗು ಜಗ್ಗಿದಳು. ಕೊಡವಿಕೊಂಡೆ.

“ಏ ಮಕ್ಕಳ್ರಾ, ತಾಯಂದಿರಾ,” ಎಂದೆ. “ನಿಮ್ಮ ಸಕ್ರಿ ತಂಪಿಗೆ ಕೆಟ್ಟಿಲ್ಲ. ಈ ನಮ್ಮ ಬ್ರಾಡ್ಲಿಬಾಯಿ ಸುಳ್ಳ ಹೇಳ್ಯಾಳ, ನನ್ನ ಮಾನಾ ಮುಚ್ಚಾಕ. ಸಕ್ರಿ ತಗದಾಕಿ ನಾನು. ನಮ್ಮ ಹಬ್ಬಕ್ಕ ಹೋಳಗಿ ಮಾಡಿ ಎಲೆಕೋಸಿನ ಮ್ಯಾಲ ಚೆಲ್ಲೀನಿ. ಕೇಳದ ತಗೊಂಡೀನಿ. ತಪ್ಪ ನಂದು, ಆಕಿದಲ್ಲ. ನನ್ನ ಮಗಳದೂ ಅಲ್ಲ.”

ಎಲ್ಲರೂ ನೀಲವ್ವನ ಕಡೆಗೆ ತಿರುಗಿದರು. ಅವಳು ಎದ್ದು ನಿಂತಳು. ಎರಡು ಸಾಲು ಇಂಗ್ಲೀಷು ಹೇಳಿದಳು. ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಮಕ್ಕಳು ಮೇಜು ಬಡಿದು ತಟ್ಟಿದರು. ಸಮಿತಿಯ ಬಾಯಿ ನನ್ನ ಎರಡೂ ಕೈ ಹಿಡಿದು ಕುಲುಕಿದಳು.

ಕಳವಿನ ಮಾತಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಅಷ್ಟು ತಿಳಿಯಲು ಇಂಗ್ಲೀಷು ಬೇಕಿಲ್ಲ. ಬ್ರಾಡ್ಲಿಬಾಯಿ ಒಬ್ಬಳೇ ತಟ್ಟಲಿಲ್ಲ. ಚಾಕು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ದಾರಿಯಲ್ಲಿ ಕೇಳಿದೆ. “ಏನ್ ಹೇಳಿದಿ ಅವರಿಗೆ?”

“ನಿಮ್ಮನ್ನೆಲ್ಲಾ ನೋಡಿ ಯವ್ವಗ ಸಂತೋಷ ಆಗೇತಿ, ಮಕ್ಕಳಿಗೆ ಆಶೀರ್ವಾದ ಮಾಡ್ಯಾಳ ಅಂದೆ.”

“ನಾ ಹೇಳಿದ್ದು ಅಷ್ಟುದ್ದ. ನೀ ಹೇಳಿದ್ದು ಇಷ್ಟ?”

“ಇಂಗ್ಲೀಷ ಗಿಡ್ಡ ಭಾಷಾ,” ಎಂದು ಮುಖ ಆ ಕಡೆ ಮಾಡಿದಳು.

ಸಮಿತಿಯ ಬಾಯಿ ಸಕ್ಕರೆಯ ಸುದ್ದಿ ಕೇಳಿದಾಗಲೂ ನೀಲವ್ವ ಬ್ರಾಡ್ಲಿಬಾಯಿ ಹೇಳಿದ ಹಾಗೇ ಹೇಳಿದ್ದಳಂತೆ. ಉಳಿದ ಅರ್ಧ ವರ್ಷ ಮಂಜೂರಾಯಿತು. ಸಮಿತಿಯ ಬಾಯಿ ನನ್ನ ಬಗ್ಗೆಯೂ ಎರಡು ಒಳ್ಳೆಯ ಮಾತು ಬರೆದಿದ್ದಳಂತೆ.

ಓಣಿ

ಮಗಳ ಕೆಲಸ ಉಳಿಯಿತು. ಇನ್ನು ನನ್ನ ಕೆಲಸ ನಾನು ಮಾಡುತ್ತೇನೆ ಎಂದು ಹಟ ಹುಟ್ಟಿತು. ನೀಲವ್ವ ಶಾಲೆಯಲ್ಲಿದ್ದಾಗ, ಬ್ರಾಡ್ಲಿಬಾಯಿ ಅಂಗಡಿಗೆ ಹೋದಾಗ, ಆ ಖಾಲಿ ಬರಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿಗೆ ಇಳಿದೆ. ಮಾತು ಬಾರದಿದ್ದರೇನು, ಕೈ ಇದೆಯಲ್ಲ.

ಮೊದಲ ಮನೆಯ ಬಾಗಿಲು ತೆಗೆದವಳಿಗೆ ಖಾಲಿ ಬರಣಿ ತೋರಿಸಿದೆ. ನನ್ನ ಎದೆ ಮುಟ್ಟಿಕೊಂಡೆ. ಆಮೇಲೆ ಎರಡೂ ಕೆನ್ನೆ ಪಟಪಟ ಬಡಿದುಕೊಂಡೆ. ನಮ್ಮಲ್ಲಿ ದೇವರ ಮುಂದೆ ಕೆನ್ನೆ ಬಡಿದುಕೊಂಡರೆ ತಪ್ಪಾಯಿತು ಎಂದು ಸಣ್ಣ ಕೂಸಿಗೂ ತಿಳಿಯುತ್ತದೆ. ಅವಳು ಗಾಬರಿಯಾಗಿ ಒಳಗೆ ಓಡಿದಳು. ಚಮಚದಲ್ಲಿ ಸಕ್ಕರೆ ತಂದು ಬರಣಿಗೆ ಹಾಕಿದಳು. ಬೇಡ ಬೇಡ ಎಂದು ಕೈ ಆಡಿಸಿದೆ. ಇನ್ನೊಂದು ಚಮಚ ಹಾಕಿದಳು.

ಎರಡನೆಯ ಮನೆಯಲ್ಲಿ ಇನ್ನೂ ಜೋರಾಗಿ ಬಡಿದುಕೊಂಡೆ. ಅಲ್ಲಿಯೂ ಸಕ್ಕರೆ. ಮುಂದಿನ ಮನೆಯವಳು ಕಣ್ಣೊರೆಸಿಕೊಂಡು, ಚಹಾದ ಪುಡಿಯನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟಳು. ನಾನು ತಪ್ಪು ಒಪ್ಪಿಕೊಂಡಷ್ಟೂ ಬರಣಿ ತುಂಬುತ್ತಾ ಹೋಯಿತು. ಕೊನೆಗೆ ಡಾಸನ್ ಕಂಡ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೋಳಿಗೆ ತಿಂದವನು ಅವನೊಬ್ಬನೇ ಅಲ್ಲವೇ? ಬಂದು, ನನ್ನ ಮೊಳಕೈ ಹಿಡಿದು, ದಾರಿ ತಪ್ಪಿದ ಎಮ್ಮೆಯನ್ನು ಹೊಡೆದುಕೊಂಡು ಬರುವ ಹಾಗೆ ಮೆಲ್ಲಗೆ ಮನೆಗೆ ತಂದು ಬಿಟ್ಟ.

ಸಂಜೆಯೊಳಗೆ ಓಣಿಯಲ್ಲಿ ಸುದ್ದಿ ಹಬ್ಬಿತು. ಬ್ರಾಡ್ಲಿಬಾಯಿ ಮಕ್ಕಳ ಸಕ್ಕರೆ ಕೆಡಿಸಿದ್ದಲ್ಲದೆ, ಮನೆಗೆ ಬಂದ ಮುದುಕಿಯನ್ನು ಹೊಟ್ಟೆಗಿಲ್ಲದೆ ಬೇಡಲು ಕಳಿಸುತ್ತಾಳೆ ಎಂದು.

ನೀಲವ್ವ ಅವತ್ತು ನಿಜವನ್ನು ಹೇಳಲು ಹೊರಟಳು. ಬ್ರಾಡ್ಲಿಬಾಯಿ ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡ ನೀಲಾ,” ಎಂದಳಂತೆ. “ನಾ ಒಂದ ಹೇಳೀನಿ, ನೀ ಅದನ್ನ ಸಮಿತಿ ಮುಂದ ಹೌದಂದಿ. ಈಗ ಬ್ಯಾರೆ ಹೇಳಿದ್ರ ಇಬ್ಬರೂ ಸುಳ್ಳರ ಆಗ್ತೀವಿ. ನನಗ ಇರ್ಲಿ. ನೀ ಇನ್ನೂ ಮಕ್ಕಳ ಮುಂದ ನಿಲ್ಲಾಕಿ.” ಆಮೇಲೆ ತಾನೇ ಬರಣಿ ಹಿಡಿದು, ಸಕ್ಕರೆ ತಿರುಗಿ ಕೊಡಲು ಮನೆಮನೆಗೆ ಹೋದಳು. ಎಲ್ಲರೂ ಥ್ಯಾಂಕ್ಯು ಎಂದರು. ಒಬ್ಬರೂ ತೆಗೆದುಕೊಳ್ಳಲಿಲ್ಲ.

ಗುರುವಾರ

ಮುಂದಿನ ಗುರುವಾರ ಓಣಿಯ ಇಬ್ಬರು ಹೆಂಗಸರು ಬಂದರು. ನಗುನಗುತ್ತಾ ಮಾತಾಡಿದರು. ನಿಮಗೂ ವಯಸ್ಸಾಯಿತು, ಮನೆಯಲ್ಲಿ ಅತಿಥಿಗಳು, ಕೆಲಸ ಬಹಳ, ಇನ್ನು ಮೇಲೆ ಬರಣಿ ಬೇರೆ ಮನೆಯಲ್ಲಿರಲಿ. ಬ್ರಾಡ್ಲಿಬಾಯಿ ಬರಣಿಯನ್ನು ಒರೆಸಿ ಅವರ ಕೈಗೆ ಕೊಟ್ಟಳು. ಥ್ಯಾಂಕ್ಯು ಎಂದಳು. ಈ ಥ್ಯಾಂಕ್ಯು ಯಾವುದೆಂದು ನನಗೆ ತಿಳಿಯಿತು.

ನಾವು ಬೇಸಿಗೆಯವರೆಗೂ ಅಲ್ಲಿಯೇ ಇದ್ದೆವು. ನೀಲವ್ವ ತನ್ನ ಕೆಲಸ ಮುಗಿಸಿದಳು. ಈಗ ವಿಜಾಪುರದಲ್ಲಿ ಅವಳ ತರಗತಿಯಲ್ಲಿ ಕೋಲಿಲ್ಲ. ಅರಕೇರಿಯಿಂದ, ತಿಕೋಟಾದಿಂದ ಮಾಸ್ತರರು ಬಂದು ಅವಳು ಹೇಗೆ ಕಲಿಸುತ್ತಾಳೆ ಎಂದು ಕೂತು ನೋಡಿ ಹೋಗುತ್ತಾರೆ. ಮಗಳನ್ನು ವಿಲಾಯತಿಗೆ ಕರೆದೊಯ್ದ ಗಟ್ಟಿ ಮುದುಕಿ ಎಂದು ನನ್ನನ್ನೂ ಹೊಗಳುತ್ತಾರೆ. ಆಗ ನಾನು ಎದ್ದು ಒಳಗೆ ಹೋಗುತ್ತೇನೆ.

ಅವತ್ತು ಆ ಇಬ್ಬರು ಹೋದ ಮೇಲೆ ನಾವು ಮುದುಕಿಯರಿಬ್ಬರೂ ಅಡಿಗೆಮನೆಯ ಮೇಜಿಗೆ ಎದುರುಬದುರು ಕೂತೆವು. ಕಿಟಕಿಯಲ್ಲಿ ಓಣಿ ಕಾಣುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಟ್ಟಲು ಹಿಡಿದು ಬಂದರು. ನಮ್ಮ ಬಾಗಿಲ ಮುಂದೆ ಹೆಜ್ಜೆ ಸ್ವಲ್ಪ ಬಿರುಸು ಮಾಡಿ ಡಾಸನ್‌ನ ಮನೆಗೆ ಹೋದರು. ಬ್ರಾಡ್ಲಿಬಾಯಿ ಚಹಾ ಸೋಸಿದಳು. ತನ್ನ ವಾರದ ಪಾಲಿನ ಸಕ್ಕರೆಯಲ್ಲಿ ಒಂದು ಚಮಚ ನನ್ನ ಕಪ್ಪಿಗೆ ಹಾಕಿ ಕಲಕಿದಳು. ತನಗೆ ಹಾಕಿಕೊಳ್ಳಲಿಲ್ಲ. ನಾನು ಕಪ್ಪನ್ನು ಅವಳ ಕಡೆ ದೂಡಿದೆ. ಅವಳು ನನ್ನ ಕಡೆ ದೂಡಿದಳು. ಮತ್ತೆ ದೂಡಿದೆ. ಅವಳು ಕೈ ಅಡ್ಡ ಇಟ್ಟಳು.

ಕಲಕಿದ ಸಕ್ಕರೆಯನ್ನು ತಿರುಗಿ ತೆಗೆಯಲು ಬರುವುದಿಲ್ಲ. ನಾನು ಕುಡಿಯದಿದ್ದರೆ ಅದನ್ನೂ ಚೆಲ್ಲಬೇಕಾಗುತ್ತಿತ್ತು. ಕುಡಿದೆ.